ಅರವತ್ನಾಲ್ಕು ಮನೆ, ಒಂದು ಕೋಣೆ

ಈ ಸಂಚಿಕೆಯ ಸಂಪಾದಕ ಮಂಡಳಿಯವರು ಮನೆಗೆ ಬಂದು, ‘ಸರ್, ನಮ್ಮ ಕಡೆ ಹುಡುಗರು ರಾಷ್ಟ್ರೀಯ ಚೆಸ್ ತಂಡಕ್ಕೆ ಹೋಗೋ ದಾರಿ ಹ್ಯಾಂಗ್ ಬೆಳೀತು, ಅದರ ಇತಿಹಾಸ ಬರದು ಕೊಡ್ರಿ’ ಅಂದರು. ಚಹಾ ಕುಡಿಯುವಷ್ಟರಲ್ಲಿ ಒಪ್ಪಿಕೊಂಡುಬಿಟ್ಟೆ. ಅವರು ಹೋದ ಮೇಲೆ ಕೂತು ಲೆಕ್ಕ ಹಾಕಿದರೆ, ಅರಭಾವಿ, ಘಟಪ್ರಭಾ, ಮೂಡಲಗಿ, ಹುಕ್ಕೇರಿ ಅಂತ ಇಷ್ಟು ವರ್ಷ ನಾನು ಹಲಗೆ ಹಾಸಿ ಆಡಿಸಿದ ಮಕ್ಕಳಲ್ಲಿ ಒಬ್ಬರೂ ಆ ತಂಡದ ಹೊಸ್ತಿಲು ತುಳಿದಿಲ್ಲ. ಹಾಗಾಗಿ ಇದು ಗೆದ್ದವರ ಪಟ್ಟಿಯಲ್ಲ. ದಾರಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಅನ್ನುವುದರ ಲೆಕ್ಕ.

ಮೊದಲು ಒಂದು ಸಣ್ಣ ಘಟನೆ. ತಾಲ್ಲೂಕು ಮಟ್ಟದ ಶಾಲಾ ಸ್ಪರ್ಧೆ. ಶಾಲೆಯ ಉದ್ದನೆಯ ಬೆಂಚುಗಳ ಮೇಲೆ ಪ್ಲಾಸ್ಟಿಕ್ ಹಾಳೆಯ ಚೆಸ್ ಬೋರ್ಡು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಹರಳು ಇಟ್ಟಿದ್ದೆವು. ಒಬ್ಬ ಆರನೆಯ ತರಗತಿಯ ಹುಡುಗ ಒಳ್ಳೆಯ ಆಟ ಕಟ್ಟಿ, ಒಂದು ಪ್ಯಾದೆಯನ್ನು ಎದುರಾಳಿಯ ಕೊನೆಯ ಸಾಲಿಗೆ ಮುಟ್ಟಿಸಿದ. ಗೆದ್ದಂತೆಯೇ. ಆದರೆ ಅವನು ಪ್ಯಾದೆ ತೆಗೆದು ಆ ಮನೆಯಲ್ಲಿ ಕುದುರೆ ಇಟ್ಟ! ಕುದುರೆಯಿಂದ ಏನೂ ಸಾಗಲಿಲ್ಲ, ಆಟ ಡ್ರಾ ಆಯಿತು. ಆಮೇಲೆ ಕರೆದು ಕೇಳಿದೆ: ‘ವಜೀರ ಯಾಕ ತಗೊಳ್ಳಿಲ್ಲೋ?’ ಅವನು ನನ್ನನ್ನೇ ದಡ್ಡನನ್ನು ನೋಡಿದಂತೆ ನೋಡಿ ಹೇಳಿದ: ‘ಅದು ಕುದುರಿ ಮನಿ ಐತ್ರಿ ಸರ್.’

ಅವನ ಅಜ್ಜ ಕಲಿಸಿದ್ದು ಹಾಗೆ. ನಮ್ಮ ಹಳೆಯ ಆಟದಲ್ಲಿ ಪ್ಯಾದೆ ಯಾವ ಸಾಲಿನಲ್ಲಿ ತುದಿ ಮುಟ್ಟಿತೋ ಆ ಸಾಲಿನ ಕಾಯಿಯೇ ಆಗಬೇಕು. ಆನೆಯ ಸಾಲಿನಲ್ಲಿ ಆನೆ, ಕುದುರೆಯ ಸಾಲಿನಲ್ಲಿ ಕುದುರೆ. ಪ್ಯಾದೆ ಮೊದಲ ನಡೆಯಲ್ಲೂ ಒಂದೇ ಮನೆ. ಕೋಟೆ ಕಟ್ಟುವುದಿಲ್ಲ, ಬದಲಿಗೆ ರಾಜ, ಶಹ ಬೀಳುವ ಮೊದಲು, ಒಂದೇ ಒಂದು ಸಲ ಕುದುರೆಯಂತೆ ನೆಗೆಯಬಹುದು. ಬ್ರಿಟನ್ನಿನ ಚಾಂಪಿಯನ್ ಪಟ್ಟವನ್ನು 1929, 1932, 1933ರಲ್ಲಿ ಗೆದ್ದ ಮೀರ್ ಸುಲ್ತಾನ್ ಖಾನ್ ಕೂಡ ಇಂಥದೇ ದೇಶೀ ಆಟದಲ್ಲಿ ಪಳಗಿ, ಆಮೇಲೆ ಪರದೇಶದ ನಿಯಮ ಕಲಿತವರು. ನಮ್ಮ ಹುಡುಗನದೂ ಅದೇ ಕಥೆ, ಆದರೆ ಅವನಿಗೆ ಹೊಸ ನಿಯಮ ಹೇಳಿಕೊಡುವವರು ಸ್ಪರ್ಧೆಯ ದಿನದ ತನಕ ಸಿಕ್ಕಿರಲಿಲ್ಲ.

ಹೇಳಿಕೊಡುವವರು ಸಿಗುವ ಜಾಗ ನಮಗೆ ದೂರವೇನೂ ಇರಲಿಲ್ಲ. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿ ರಾಯಬಾಗ, ಚಿಂಚಲಿ, ಕುಡಚಿ ದಾಟಿ, ಕೃಷ್ಣೆಯ ಸೇತುವೆ ಮೇಲೆ ಹಾದು ಉಗಾರ, ಶೇಡಬಾಳ, ಮಿರಜ ಮುಟ್ಟಿದರೆ ಪಕ್ಕದಲ್ಲೇ ಸಾಂಗಲಿ. ಬೆಂಗಳೂರಿಗೆ ಐನೂರು ಕಿಲೋಮೀಟರಿಗೂ ಮೇಲೆ. ಸಾಂಗಲಿಗೆ ಅದರ ಐದನೆಯ ಒಂದು ಪಾಲಿನ ಆಸುಪಾಸು. ಸಂಸ್ಥಾನಗಳ ಕಾಲದಲ್ಲಂತೂ ಸಾಂಗಲಿ ಪರಊರೇ ಅಲ್ಲ. ಮೂಡಲಗಿಯಿಂದ ಆಚೆ ಕಾಣುವ ತೇರದಾಳ, ಬೆಳಗಾವಿಗೆ ಅಂಟಿಕೊಂಡ ಶಹಾಪುರ ಎರಡೂ ಸಾಂಗಲಿಯ ಪಟವರ್ಧನರ ಆಳ್ವಿಕೆಯಲ್ಲಿದ್ದವು. ನಮ್ಮ ಹಿರಿಯರು ಚದುರಂಗಕ್ಕೆ ಇವತ್ತಿಗೂ ‘ಬುದ್ಧಿಬಲ’ ಅನ್ನುವುದು, ಕಾಯಿಗಳಿಗೆ ಪ್ಯಾದೆ, ವಜೀರ ಅನ್ನುವುದು ಆ ಒಡನಾಟದ ಗುರುತು.

ಅಲ್ಲಿ 1941ರಲ್ಲಿ ಭಾಊಸಾಹೇಬ ಪಡಸಲಗೀಕರರು ನೂತನ ಬುದ್ಧಿಬಲ ಮಂಡಳ ಕಟ್ಟಿದರು. ಆ ಅಡ್ಡಹೆಸರು ಕೇಳಿದರೆ ನಮಗೆ ಜಮಖಂಡಿ ಕಡೆಯ ಪಡಸಲಗಿ ನೆನಪಾಗದೆ ಇರದು. ವರ್ಷವನ್ನು ಸ್ವಲ್ಪ ಗಮನಿಸಬೇಕು. ಅಖಿಲ ಭಾರತ ಚೆಸ್ ಒಕ್ಕೂಟ ಹುಟ್ಟಿದ್ದು 1951ರಲ್ಲಿ. ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಂಧ್ರದ ಏಲೂರಿನಲ್ಲಿ ನಡೆದದ್ದು 1955ರಲ್ಲಿ. ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಪಟ್ಟ ಹಂಚಿಕೊಂಡರು. ಭಾರತದ ತಂಡ ಮೊದಲ ಸಲ ಒಲಿಂಪಿಯಾಡ್ ಆಡಿದ್ದು 1956ರಲ್ಲಿ, ಮಾಸ್ಕೋದಲ್ಲಿ. ಅಂದರೆ ದೇಶಕ್ಕೆ ಒಂದು ತಂಡ ಅಂತ ಆಗುವುದಕ್ಕೆ ಹದಿನೈದು ವರ್ಷ ಮೊದಲೇ ಸಾಂಗಲಿಯಲ್ಲಿ ಒಂದು ಕೋಣೆ ತೆರೆದಿತ್ತು. ಆಯ್ಕೆ ಅನ್ನುವ ಮಾತೇ ಇಲ್ಲದ ಕಾಲ. ಆಡಲು ಬಂದವರಿಗೆ ಆಟ, ಕಲಿಯಲು ಬಂದವರಿಗೆ ಪಾಠ, ಅಷ್ಟೇ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರ ತಾಲೀಮು ಹೇಗೋ ಹಾಗೆ. ಕೆಂಪು ಮಣ್ಣಿನ ಅಖಾಡ ಇರುತ್ತದೆ, ಬೆಳಗಿನ ಜಾವ ಬಾಗಿಲು ತೆರೆದಿರುತ್ತದೆ, ಒಬ್ಬ ವಸ್ತಾದ ಇರುತ್ತಾನೆ. ಯಾರ ಮಗ, ಯಾವ ಶಾಲೆ ಅಂತ ಕೇಳುವುದಿಲ್ಲ. ಮೈಗೆ ಮಣ್ಣು ಹತ್ತಿದ ಮೇಲೆ ಯಾರು ಉಳಿಯುತ್ತಾರೋ ಅವರು ಪೈಲ್ವಾನರು. ಭಾಊಸಾಹೇಬರು ಬುದ್ಧಿಬಲದ ವಸ್ತಾದ. ಒಂದು ವ್ಯತ್ಯಾಸ ಮಾತ್ರ ಇತ್ತು: ಈ ತಾಲೀಮಿಗೆ ಹುಡುಗಿಯರೂ ಬಂದರು. ಮಂಡಳದ ಹೆಸರು ಉಳಿದದ್ದು ಮುಖ್ಯವಾಗಿ ಅವರಿಂದಲೇ ಅಂತ ನನ್ನ ಅಭಿಪ್ರಾಯ.

1961ರಲ್ಲಿ ಹುಟ್ಟಿದ ಭಾಗ್ಯಶ್ರೀ ಸಾಠೆ ಸಾಂಗಲಿಯ ಹುಡುಗಿ. 1985, 1986, 1988, 1991, 1994, ಹೀಗೆ ಐದು ಸಲ ರಾಷ್ಟ್ರೀಯ ಮಹಿಳಾ ಚಾಂಪಿಯನ್. 1991ರಲ್ಲಿ ಏಷ್ಯಾದ ಮಹಿಳಾ ಚಾಂಪಿಯನ್. 1987ರಲ್ಲಿ ಪದ್ಮಶ್ರೀ ಬಂತು. ಗ್ರ್ಯಾಂಡ್‌ಮಾಸ್ಟರ್ ಪ್ರವೀಣ್ ಠಿಪ್ಸೆ ಅವರನ್ನು ಮದುವೆಯಾಗಿ ಭಾಗ್ಯಶ್ರೀ ಠಿಪ್ಸೆ ಆದರು. ಅವರ ನಂತರದ ತಲೆಮಾರಿನಲ್ಲಿ ಸ್ವಾತಿ ಘಾಟೆ ಬಂದರು, ಮಹಿಳಾ ಗ್ರ್ಯಾಂಡ್‌ಮಾಸ್ಟರ್ ಆದರು. ಒಂದೇ ಊರಿನಿಂದ, ಅದೂ ಮುಂಬಯಿ ಪುಣೆಯಂಥ ದೊಡ್ಡ ಊರಲ್ಲ, ದೇಶದ ತಂಡಕ್ಕೆ ಹೀಗೆ ಸಾಲಾಗಿ ಹೆಣ್ಣುಮಕ್ಕಳು ಹೋದದ್ದು ಆಕಸ್ಮಿಕ ಅಂತ ನಾನು ನಂಬುವುದಿಲ್ಲ. 2014ರಲ್ಲಿ ರಾಷ್ಟ್ರೀಯ ಮಹಿಳಾ ಪ್ರೀಮಿಯರ್ ಸ್ಪರ್ಧೆಯೂ ಸಾಂಗಲಿಯಲ್ಲೇ ನಡೆದು, ಒಡಿಶಾದ ಪದ್ಮಿನಿ ರೌತ್ ತಮ್ಮ ಮೊದಲ ರಾಷ್ಟ್ರೀಯ ಪಟ್ಟವನ್ನು ಅಲ್ಲಿ ಗೆದ್ದರು.

ಹುಡುಗಿಯರ ಮಾತು ಬಂತು, ಹಾಗಾಗಿ ಖಾಡಿಲ್ಕರ್ ಅಕ್ಕತಂಗಿಯರನ್ನು ಬಿಡುವಂತಿಲ್ಲ. ‘ನವಾಕಾಳ’ ಪತ್ರಿಕೆ ಹುಟ್ಟುಹಾಕಿದ ನಾಟಕಕಾರ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರು ಹುಟ್ಟಿದ್ದು ಸಾಂಗಲಿಯಲ್ಲಿ. ವಾಸಂತಿ, ಜಯಶ್ರೀ, ರೋಹಿಣಿ ಅದೇ ಮನೆತನದವರು, ಬೆಳೆದದ್ದು ಮುಂಬಯಿಯಲ್ಲಿ. ದೇಶದ ಮೊದಲ ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಶಿಪ್ 1974ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಗೆದ್ದವರು ವಾಸಂತಿ. ಎರಡು ವರ್ಷ ಕಳೆದು, 1976ರಲ್ಲಿ ರೋಹಿಣಿ ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲೇ ಆಡಲು ಕೂತರು. ಗದ್ದಲ ಎದ್ದಿತು, ವಿಷಯ ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ, ಹೆಣ್ಣುಮಕ್ಕಳನ್ನು ರಾಷ್ಟ್ರೀಯ ಅಂತಾರಾಷ್ಟ್ರೀಯ ಸ್ಪರ್ಧೆಗಳಿಂದ ಹೊರಗಿಡುವಂತಿಲ್ಲ ಎಂದು ತೀರ್ಮಾನ ಕೊಟ್ಟರು. ಇವತ್ತು ನಮ್ಮ ಕಡೆಯ ಯಾವ ಹುಡುಗಿಯಾದರೂ ಮುಕ್ತ ವಿಭಾಗಕ್ಕೆ ಹೆಸರು ಕೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ಆ ಹುಬ್ಬು ಇಳಿದದ್ದು ಆವಾಗ.

ಇನ್ನು ಆಯ್ಕೆಯ ಏಣಿ. ಇಲ್ಲಿ ಎರಡು ಏಣಿಗಳಿವೆ. ನಮ್ಮ ಪಾಲಕರಲ್ಲಿ ಹೆಚ್ಚಿನವರಿಗೆ ಒಂದೇ ಏಣಿ ಗೊತ್ತು. ಆ ಒಂದು ಶಿಕ್ಷಣ ಇಲಾಖೆಯದು. ಹದಿನಾಲ್ಕು ವರ್ಷದೊಳಗಿನವರು, ಹದಿನೇಳು ವರ್ಷದೊಳಗಿನವರು. ತಾಲ್ಲೂಕಿನಲ್ಲಿ ಗೆದ್ದು, ಜಿಲ್ಲೆಗೆ. ಜಿಲ್ಲೆ ಅಂದರೆ ನಮಗೆ ಬೆಳಗಾವಿಯಲ್ಲ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಅದರಲ್ಲೇ ಬರುತ್ತವೆ. ಅಲ್ಲಿಂದ ರಾಜ್ಯ, ರಾಜ್ಯದಿಂದ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. ಒಳ್ಳೆಯ ಏಣಿ, ಬಡವರ ಮಕ್ಕಳು ಖರ್ಚಿಲ್ಲದೆ ಹತ್ತಬಹುದಾದ ಏಣಿ. ಪ್ರಮಾಣಪತ್ರ ಸಿಗುತ್ತದೆ, ಊರಲ್ಲಿ ಸತ್ಕಾರ ಆಗುತ್ತದೆ, ಶಾಲು ಹೊದಿಸುತ್ತಾರೆ.

ಆದರೆ ದೇಶದ ಪರವಾಗಿ ವಿಶ್ವ ಯುವ ಸ್ಪರ್ಧೆಗೆ ಹೋಗುವವರು ಈ ಏಣಿ ಹತ್ತಿ ಹೋಗುವುದಿಲ್ಲ. ಅದು ಒಕ್ಕೂಟದ ಏಣಿ: ಜಿಲ್ಲಾ ಸಂಸ್ಥೆಯ ಆಯ್ಕೆ ಸ್ಪರ್ಧೆ, ರಾಜ್ಯ ಸಂಸ್ಥೆಯ ಸ್ಪರ್ಧೆ, ಆಮೇಲೆ ವಯೋಮಿತಿಯ ರಾಷ್ಟ್ರೀಯ ಚಾಂಪಿಯನ್‌ಶಿಪ್. ಇಲ್ಲಿ ವಯಸ್ಸಿನ ಲೆಕ್ಕ ಬೆಸ: 7, 9, 11, 13, 15, 17, 19. ವಿಶ್ವ ಸ್ಪರ್ಧೆಗಳದು ಸಮ: 8, 10, 12, ಆಮೇಲೆ 14, 16, 18, ಕೊನೆಗೆ 20ರೊಳಗಿನ ಜೂನಿಯರ್. ಇದೇಕೆ ಹೀಗೆ ಅಂತ ಬಹಳ ಜನ ಕೇಳುತ್ತಾರೆ. ಈ ವರ್ಷ ಏಳರೊಳಗಿನ ಚಾಂಪಿಯನ್ ಆದ ಮಗು ಮುಂದಿನ ವರ್ಷ ಎಂಟರೊಳಗಿನ ವಿಶ್ವ ಸ್ಪರ್ಧೆಗೆ ಹೋಗಲಿ ಅಂತ. ಒಂದು ವರ್ಷದ ಅಂತರ ಇಟ್ಟುಕೊಂಡು ಆಯ್ಕೆ ಮಾಡುವುದು. ಮೇಲಿನ ಸ್ಥಾನ ಪಡೆದವರು ಅಧಿಕೃತ ಆಟಗಾರರು; ಕೆಳಗಿನವರೂ ನಿಯಮಕ್ಕೆ ಒಳಪಟ್ಟು ಸ್ವಂತ ಖರ್ಚಿನಲ್ಲಿ ಹೋಗಬಹುದು. ಸ್ವಂತ ಖರ್ಚು ಅಂದರೆ ವಿಮಾನ, ಹೊಟೆಲ್, ಪ್ರವೇಶ ಶುಲ್ಕ, ಜತೆಗೊಬ್ಬ ಪಾಲಕ. ಒಂದು ಹಂಗಾಮಿನ ಕಬ್ಬಿನ ಬಿಲ್ಲು ಅಲ್ಲಿಗೇ ಮುಗಿಯಿತು.

ಹಿರಿಯರ ತಂಡದ ಆಯ್ಕೆಯೇ ಬೇರೆ. ಒಲಿಂಪಿಯಾಡ್ ತಂಡಕ್ಕೆ ಮುಖ್ಯವಾಗಿ ನೋಡುವುದು ಫಿಡೆ ರೇಟಿಂಗ್. ಈ ರೇಟಿಂಗ್ ಅನ್ನುವುದೂ ಬಹಳ ಕಾಲ ಹಳ್ಳಿಯ ಮಕ್ಕಳಿಗೆ ಎಟುಕದ ಮಾವು. ಮೊದಲು 2200ಕ್ಕಿಂತ ಕೆಳಗೆ ಫಿಡೆಯ ಪಟ್ಟಿಯೇ ಇರಲಿಲ್ಲ. ಆಮೇಲೆ ಮಟ್ಟ ಇಳಿಯುತ್ತ ಇಳಿಯುತ್ತ 2012ರಲ್ಲಿ 1000ಕ್ಕೆ ಬಂತು. 2024ರ ಮಾರ್ಚಿನಲ್ಲಿ ಮತ್ತೆ 1400ಕ್ಕೆ ಏರಿಸಿದರು. ರೇಟಿಂಗ್ ಇರುವವರ ವಿರುದ್ಧ ಐದು ಆಟವಾದರೂ ಆಡಿ, ಒಂದಿಷ್ಟು ಅಂಕ ಗಳಿಸಿದರೆ ಮಗುವಿನ ಹೆಸರು ಪಟ್ಟಿಗೆ ಬರುತ್ತದೆ. ಆ ಐದು ಜನ ಎಲ್ಲಿ ಸಿಗುತ್ತಾರೆ? ರೇಟಿಂಗ್ ಟೂರ್ನಿಯಲ್ಲಿ. ಟೂರ್ನಿ ಎಲ್ಲಿ? ನಮ್ಮ ಮೂರು ತಾಲ್ಲೂಕಿನ ಮಕ್ಕಳು ಇವತ್ತಿಗೂ ಅದಕ್ಕೆ ಬುತ್ತಿ ಕಟ್ಟಿಕೊಂಡು ಬಸ್ಸೋ ರೈಲೋ ಹತ್ತಬೇಕು.

ಟೂರ್ನಿ ಮುಟ್ಟಿದ ಮೇಲೂ ಒಂದು ಪೆಟ್ಟು ಕಾದಿರುತ್ತದೆ. ಸ್ವಿಸ್ ಪದ್ಧತಿಯಲ್ಲಿ ಮೊದಲ ಸುತ್ತಿಗೆ ಆಟಗಾರರನ್ನು ರೇಟಿಂಗ್ ಪ್ರಕಾರ ಸಾಲಾಗಿ ನಿಲ್ಲಿಸಿ, ಸಾಲನ್ನು ನಡುವೆ ಎರಡು ಮಾಡಿ, ಮೇಲರ್ಧದವರಿಗೆ ಕೆಳಗರ್ಧದವರನ್ನು ಜೋಡಿಸುತ್ತಾರೆ. ರೇಟಿಂಗ್ ಇಲ್ಲದ ನಮ್ಮ ಮಗು ಕೆಳಗರ್ಧದಲ್ಲಿ. ಎದುರಿಗೆ ಕೂರುವುದು ಪುಣೆಯದೋ ಬೆಂಗಳೂರಿನದೋ ತರಬೇತಿ ಪಡೆದ ಮಗು. ಮೊದಲ ಸುತ್ತು ಸೋಲು. ನಾನು ಮಕ್ಕಳನ್ನು ಕರೆದೊಯ್ಯುತ್ತಿದ್ದಾಗ ರೈಲಿನಲ್ಲೇ ಹೇಳಿಬಿಡುತ್ತಿದ್ದೆ: ‘ಮೊದಲನೇ ಆಟ ಸೋತ್ರ ಅಳಬ್ಯಾಡ್ರಿ. ಎರಡನೇದರಿಂದ ನಿಮ್ಮ ಟೂರ್ನಿ ಸುರು.’ ಒಂಬತ್ತು ಸುತ್ತೋ ಹನ್ನೊಂದು ಸುತ್ತೋ ಮುಗಿಯುವಷ್ಟರಲ್ಲಿ ಮಗು ತನ್ನ ಯೋಗ್ಯತೆಯ ಸ್ಥಾನಕ್ಕೆ ಬಂದೇ ಬರುತ್ತದೆ, ಸ್ವಿಸ್ ಪದ್ಧತಿಯ ಗುಣ ಅದು. ಆದರೆ ಎಷ್ಟೋ ಪಾಲಕರು ಮೂರನೆಯ ಸುತ್ತಿಗೇ ಚೀಲ ಕಟ್ಟಿ ಹೊರಟುಬಿಡುತ್ತಿದ್ದರು.

ಬರೆಯುವ ಕಾಟ ಬೇರೆ. ದೊಡ್ಡ ಸ್ಪರ್ಧೆಯಲ್ಲಿ ಪ್ರತಿ ನಡೆಯನ್ನೂ ಹಾಳೆಯಲ್ಲಿ ಬರೆಯಬೇಕು. ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಅಕ್ಷರಗಳಿಗೆ ಹೆದರಿ ಗಡಿಯಾರದ ನಿಮಿಷ ಕಳೆದುಕೊಳ್ಳುತ್ತಿದ್ದವು. ರಾಜನಿಗೆ ‘ಕೆ’ ಆಯಿತು, ಕುದುರೆಗೆ ‘ಎನ್’ ಯಾಕೆ ಅಂತ ಒಬ್ಬಳು ನನ್ನನ್ನು ಪೀಡಿಸಿದ್ದಳು. ನಿಜ ಹೇಳಬೇಕೆಂದರೆ ಫಿಡೆಯ ನಿಯಮಾವಳಿಯಲ್ಲೇ ಒಂದು ಮಾತಿದೆ: ಆಟಗಾರ ತನ್ನ ದೇಶದಲ್ಲಿ ಕಾಯಿಗೆ ಇರುವ ಹೆಸರಿನ ಮೊದಲಕ್ಷರ ಬಳಸಬಹುದು. ಫ್ರೆಂಚರು ನಾವು ಒಂಟೆ ಅನ್ನುವ ಕಾಯಿಗೆ ‘ಎಫ್’ ಬರೆಯುತ್ತಾರೆ. ಹಾಗಾದರೆ ನಮ್ಮ ಹುಡುಗಿ ‘ಕು’ ಅಂತ ಬರೆದರೆ ತಪ್ಪೇನು? ನಾನು ಹಾಗೇ ಬರೆಯಿಸಿದೆ. ತೀರ್ಪುಗಾರರು ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿ, ನಕ್ಕು ಸುಮ್ಮನಾದರು.

ಎಲ್ಲ ಸಲ ನಗೆಯಲ್ಲಿ ಮುಗಿಯಲಿಲ್ಲ. ನಮ್ಮ ಕಡೆ ನನ್ನ ವಯಸ್ಸಿನವರೆಲ್ಲ ಜೂನ್ ಒಂದಕ್ಕೆ ಹುಟ್ಟಿದವರು. ಶಾಲೆಗೆ ಹಾಕುವಾಗ ಮಾಸ್ತರು ಬರೆದದ್ದೇ ಜನ್ಮದಿನ! ವಯೋಮಿತಿಯ ಚೆಸ್‌ನಲ್ಲಿ ಲೆಕ್ಕ ಜನವರಿ ಒಂದರದು, ದಾಖಲೆ ಕೇಳುವುದು ಜನನ ಪ್ರಮಾಣಪತ್ರ. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನ ಶಾಲಾ ದಾಖಲೆಯಲ್ಲಿ ಒಂದು ದಿನಾಂಕ, ಪ್ರಮಾಣಪತ್ರದಲ್ಲಿ ಇನ್ನೊಂದು. ನಡುವೆ ವರ್ಷವೇ ಬದಲಾಗಿತ್ತು. ಅವನು ಆ ವರ್ಷ ನನ್ನಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ. ಕಾಗದ ತಿದ್ದಿಸಲು ಅವನಪ್ಪ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದರು. ತಿದ್ದುಪಡಿ ಕೈಗೆ ಬರುವಷ್ಟರಲ್ಲಿ ನೋಂದಣಿಯ ಕೊನೆಯ ದಿನ ದಾಟಿತ್ತು, ಮರುವರ್ಷ ಅವನ ವಯಸ್ಸೂ ದಾಟಿತು. ತಪ್ಪು ನನ್ನದೂ ಹೌದು. ಆಟ ಕಲಿಸಿದೆ, ಕಾಗದ ನೋಡಲಿಲ್ಲ. ಅಂದಿನಿಂದ ಹೊಸ ಮಗು ಬಂದರೆ ಮೊದಲು ಕೇಳುವುದು ಜನನ ಪ್ರಮಾಣಪತ್ರ, ಆಮೇಲೆ ಕಾಯಿ ಜೋಡಿಸುವುದು.

ಗಡಿಯ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಮಗು ಸಾಂಗಲಿಯಲ್ಲಿ ಕಲಿಯಬಹುದು, ಅಲ್ಲಿನ ಮುಕ್ತ ಟೂರ್ನಿ ಆಡಬಹುದು, ರೇಟಿಂಗ್ ಗಳಿಸಬಹುದು. ಆಯ್ಕೆಗೆ ಮಾತ್ರ ಕರ್ನಾಟಕದ ಸಾಲಿನಲ್ಲೇ ನಿಲ್ಲಬೇಕು. ಅಲ್ಲಿ ಎದುರಾಗುವುದು ಬೆಂಗಳೂರು ಮೈಸೂರಿನ ಮಕ್ಕಳು. ಮೈಸೂರಿನ ಎಂ.ಎಸ್. ತೇಜಕುಮಾರ್ 2017ರಲ್ಲಿ ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ಅವರಿಗೆ ಮೂವತ್ತೈದು ದಾಟಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ಅರವತ್ನಾಲ್ಕು ಮನೆಗಳಲ್ಲಿ ಕುದುರೆ ಓಡಿಸುವ ಬಂಧಗಳನ್ನು ರಚಿಸಿದ ಊರಿಗೂ ಗ್ರ್ಯಾಂಡ್‌ಮಾಸ್ಟರ್ ಬರಲು ಇಷ್ಟು ಕಾಲ ಬೇಕಾಯಿತು. ಮರುವರ್ಷ ಶಿವಮೊಗ್ಗದ ಜಿ.ಎ. ಸ್ಟ್ಯಾನಿ, 2019ರಲ್ಲಿ ಮೈಸೂರಿನ ಗಿರೀಶ್ ಕೌಶಿಕ್. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ರುಮೇನಿಯಾದ ಮಾಮಾಯಾದಲ್ಲಿ ಹದಿನಾರರೊಳಗಿನ ವಿಶ್ವ ಚಾಂಪಿಯನ್ ಆದ; ಆ ಸ್ಪರ್ಧೆಯ ನಡುವೆಯೇ 2500ರ ರೇಟಿಂಗ್ ದಾಟಿ ಗ್ರ್ಯಾಂಡ್‌ಮಾಸ್ಟರ್ ಕೂಡ ಆದ. ಹೆಮ್ಮೆಯ ಹೆಸರುಗಳು. ಈ ನಾಲ್ವರಲ್ಲಿ ಒಬ್ಬರೂ ಘಟಪ್ರಭೆಯ ನೀರು ಕುಡಿದು ಬೆಳೆದವರಲ್ಲ ಅನ್ನುವುದನ್ನು ಮಾತ್ರ ದಾಖಲಿಸಿ ಮುಂದೆ ಹೋಗುತ್ತೇನೆ.

ಮದರಾಸಿನ ಕಥೆ ಎಲ್ಲರಿಗೂ ಗೊತ್ತು, ಆದರೆ ಗೊತ್ತಿರುವ ಕಥೆಯಲ್ಲಿ ಜನ ಮರೆಯುವುದು ಕೋಣೆಯನ್ನು. ದೇಶದ ಮೊದಲ ಇಂಟರ್‌ನ್ಯಾಶನಲ್ ಮಾಸ್ಟರ್ ಮ್ಯಾನುಯೆಲ್ ಆರನ್ ಅಲ್ಲಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ತಾಲ್ ಚೆಸ್ ಕ್ಲಬ್ ನಡೆಸುತ್ತಿದ್ದರು. ಹುಡುಗ ವಿಶ್ವನಾಥನ್ ಆನಂದ್ ಅಲ್ಲಿ ಹೋಗಿ ಆಡುತ್ತಿದ್ದ. 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್, 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್. ಮುಂದೆ ಅದೇ ಊರಿನಲ್ಲಿ ಆರ್.ಬಿ. ರಮೇಶ್ ನೌಕರಿ ಬಿಟ್ಟು ಗುರುಕುಲ ತೆರೆದರು; ಪ್ರಜ್ಞಾನಂದ, ವೈಶಾಲಿ ಅಕ್ಕ ತಮ್ಮ ಅಲ್ಲಿ ಬೆಳೆದರು. 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ಭಾರತ ಎರಡೂ ವಿಭಾಗಗಳಲ್ಲಿ ಚಿನ್ನ ಗೆದ್ದಾಗ ಆ ಇಬ್ಬರೂ ಒಂದೊಂದು ತಂಡದಲ್ಲಿದ್ದರು. ಗುಕೇಶ್ ಮೊದಲ ಬೋರ್ಡಿನಲ್ಲಿ. ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ಡಿಂಗ್ ಲಿರೆನ್‌ರನ್ನು ಸೋಲಿಸಿ ಹದಿನೆಂಟಕ್ಕೇ ವಿಶ್ವ ಚಾಂಪಿಯನ್. ಆಯ್ಕೆ ಸಮಿತಿ ಕಾಗದದ ಮೇಲೆ ಹೆಸರು ಬರೆಯುತ್ತದೆ, ನಿಜ. ಆದರೆ ಆ ಹೆಸರುಗಳು ಹತ್ತು ವರ್ಷ ಮೊದಲೇ ಯಾವುದೋ ಓಣಿಯ ಯಾವುದೋ ಕೋಣೆಯಲ್ಲಿ ಸಂಜೆ ಸಂಜೆ ಆಯ್ಕೆಯಾಗಿರುತ್ತವೆ.

ಸಾಂಗಲಿಗೂ ನಮಗೂ ವ್ಯತ್ಯಾಸ ಇಲ್ಲೇ. ನಮ್ಮಲ್ಲಿ ಸ್ಪರ್ಧೆಗಳಿಗೆ ಬರವಿಲ್ಲ. ಜಾತ್ರೆಗೆ, ಗಣೇಶೋತ್ಸವಕ್ಕೆ, ಯಾರದೋ ಹುಟ್ಟುಹಬ್ಬಕ್ಕೆ ಒಂದು ದಿನದ ಟೂರ್ನಿ, ದೊಡ್ಡ ಕಪ್ಪು, ಪೆಂಡಾಲು, ಭಾಷಣ. ಮರುದಿನ ಬೋರ್ಡುಗಳು ಯಾವ ಕಪಾಟಿಗೆ ಹೋದವು ಗೊತ್ತಿಲ್ಲ. ತಾಲೀಮಿಲ್ಲದ ಊರಲ್ಲಿ ಬರೀ ಕುಸ್ತಿ ಇಟ್ಟರೆ ಗೆಲ್ಲುವವರು ಪರಊರಿನವರೇ. ನನಗೂ ಈ ತಿಳಿವಳಿಕೆ ತಡವಾಗಿ ಬಂತು; ಎಷ್ಟೋ ವರ್ಷ ನಾನೂ ಪೆಂಡಾಲಿನ ಹಿಂದೆಯೇ ಓಡಾಡಿದವನು.

ನಮ್ಮ ನೆಲ ಸಂಸ್ಥೆ ಕಟ್ಟಲು ಬಾರದ ನೆಲವೇನಲ್ಲ. ಘಟಪ್ರಭೆಯಲ್ಲಿ ಡಾ. ನಾ.ಸು. ಹರ್ಡೀಕರರು 1929ರಲ್ಲಿ ಕರ್ನಾಟಕ ಆರೋಗ್ಯಧಾಮ ಕಟ್ಟಿದರು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು ಇದೆ, ನೂರಾರು ವಿದ್ಯಾರ್ಥಿಗಳು ಸಂಜೆ ಬಿಡುವಿನಲ್ಲಿರುತ್ತಾರೆ, ಅವರಲ್ಲಿ ಚೆಸ್ ಬಲ್ಲವರು ಸಿಕ್ಕೇ ಸಿಗುತ್ತಾರೆ. ಒಂದು ಕೋಣೆ, ಹತ್ತು ಬೋರ್ಡು, ಐದು ಗಡಿಯಾರ, ವಾರಕ್ಕೆ ಮೂರು ಸಂಜೆ ಬಾಗಿಲು ತೆರೆಯುವ ಒಬ್ಬರು. ಇಷ್ಟಕ್ಕೆ ಯಾವ ಸರಕಾರದ ಮಂಜೂರಾತಿಯೂ ಬೇಡ.

ಕುದುರೆ ಇಟ್ಟ ಆ ಹುಡುಗ ಈಗ ಟ್ರ್ಯಾಕ್ಟರ್ ಶೋರೂಮಿನಲ್ಲಿ ಲೆಕ್ಕ ಬರೆಯುತ್ತಾನೆ. ಮೊನ್ನೆ ಸಂತೆಯಲ್ಲಿ ಸಿಕ್ಕಾಗ, ತನ್ನ ಮಗಳಿಗೆ ಆಟ ಕಲಿಸುತ್ತಿದ್ದೇನೆ ಅಂದ. ‘ವಜೀರ ತಗೊಳ್ಳಾಕ ಹೇಳೀನ್ರಿ ಸರ್’ ಅಂತ ಅವನೇ ನಕ್ಕ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಅಜ್ಜಂದಿರ ಕಾಲದ ಬಟ್ಟೆಯ ಪಟ, ಕಟ್ಟಿಗೆಯ ಕಾಯಿ, ಸಾಂಗಲಿಯಲ್ಲೋ ಬೆಳಗಾವಿಯಲ್ಲೋ ಆಡಿದ ಸ್ಪರ್ಧೆಯ ಹಾಳೆ, ಫೋಟೊ ಇದ್ದರೆ ಎಸೆಯಬೇಡಿ. ಸಂಚಿಕೆಯ ಸಂಪಾದಕರಿಗೆ ತಲುಪಿಸಿ. ನೋಡಿ, ನಕಲು ಮಾಡಿಕೊಂಡು ಮರಳಿಸುತ್ತೇವೆ. ಕೆಲಸ ಮಾಡುವ ಚೆಸ್ ಗಡಿಯಾರ ಇದ್ದರೆ ಮಾತ್ರ ಮರಳಿಸುವುದಿಲ್ಲ, ಇಟ್ಟುಕೊಳ್ಳುತ್ತೇವೆ.